ಗುತ್ತೆಪ್ಪನ ಮಣ್ಣು

ಹರಿಹರದ ಬಸ್ಸು ಬಾತಿ ಊರು ದಾಟುವಾಗ, ತಾನು ಕೈಚೀಲವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡು ಕೂತಿದ್ದೇನೆ ಎಂಬುದು ಪಂಚಾಕ್ಷರಪ್ಪನ ಗಮನಕ್ಕೆ ಬಂತು. ಕೈ ಸಡಿಲಿಸಿದ. ಪಕ್ಕದಲ್ಲಿದ್ದ ಮುದುಕಿ ಎಲೆಯಡಿಕೆ ಮೆಲ್ಲುತ್ತ ಚೀಲವನ್ನೇ ನೋಡುತ್ತಿದ್ದಳು. ಮಗಳ ಮನೆಗೆ ಒಯ್ಯುತ್ತಿರುವ ಸೀರೆಯೋ ಕುಬುಸದ ಬಟ್ಟೆಯೋ ಎಂದುಕೊಂಡಿರಬೇಕು. ಒಳಗಿದ್ದದ್ದು ಒಂದು ಕೆಂಪು ಬಾವುಟ, ಸತ್ತವನ ಮೈಗೆ ಹೊದಿಸುವುದಕ್ಕೆ. ಬೆಳಿಗ್ಗೆ ಅವನಿನ್ನೂ ಮುಖ ತೊಳೆಯುತ್ತಿದ್ದಾಗಲೇ ಪಕ್ಷದ ಕಾರ್ಯದರ್ಶಿ ವಾಮದೇವಪ್ಪ ಪಿ.ಜೆ. ಬಡಾವಣೆಯ ಮನೆಗೆ ಬಂದು, ಒಳಗೂ ಬಾರದೆ, ಗೇಟಿನ ಹತ್ತಿರವೇ ನಿಂತು ಹೇಳಿದ್ದ: "ಹರಿಹರದ ಗುತ್ತೆಪ್ಪ ಹೋಗಿಬಿಟ್ನಂತೆ. ಎದೆನೋವು. ಇವತ್ತೇ ಮಣ್ಣು. ಅವರು ಹೋಗಿ ಬಾವುಟ ಹಾಕೋದ್ರೊಳಗೆ ನೀವು ಹೋಗಿ ಹಾಕ್ಬೇಕು ನೋಡ್ರಿ." ಅವರು ಎಂದರೆ ಯಾರೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಪಕ್ಷ ಎರಡಾದಾಗಿನಿಂದ ಒಂದು ಕಾಲದ ಸಂಗಾತಿಗಳಿಗೆ ಹೆಸರಿರಲಿಲ್ಲ, ಎಲ್ಲರೂ ಅವರು ಆಗಿದ್ದರು. ಗುತ್ತೆಪ್ಪ ಮಾತ್ರ ಅವರೂ ಆಗಲಿಲ್ಲ, ನಾವೂ ಆಗಲಿಲ್ಲ. ಮುಷ್ಕರದಲ್ಲಿ ದಾವಣಗೆರೆಯ ಗಿರಣಿಯ ಕೆಲಸ ಕಳೆದುಕೊಂಡು ಹರಿಹರಕ್ಕೆ ಹೋಗಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು, ಈ ಕಡೆಯ ಸಭೆಗೂ ಬಂದು ಜಮಖಾನ ಹಾಸುತ್ತಿದ್ದ, ಆ ಕಡೆಯ ಸಭೆಗೂ ಹೋಗಿ ಜಮಖಾನ ಹಾಸುತ್ತಿದ್ದ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅಕ್ಕಿ ನಿಂತು, ಅಮೆರಿಕದ ಕೆಂಪು ಜೋಳವೂ ಹುಳ ಹಿಡಿದು ಬಂದಾಗ, ಹರಿಹರದಲ್ಲಿ ಒಂದೇ ದಿನ ಎರಡು ಮೆರವಣಿಗೆ ಹೊರಟವು. ಒಂದರಲ್ಲಿ ನಲವತ್ತೈವತ್ತು ಜನ, ಇನ್ನೊಂದರಲ್ಲೂ ಅಷ್ಟೇ. ಗುತ್ತೆಪ್ಪ ಒಂದರಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಅಡ್ಡ ಓಣಿಯಲ್ಲಿ ಓಡಿ, ಇನ್ನೊಂದನ್ನು ಕೂಡಿಕೊಂಡಿದ್ದ. ಆಗ ಎರಡೂ ಕಡೆಯವರು ನಕ್ಕಿದ್ದರು. ಪಂಚಾಕ್ಷರಪ್ಪನೂ ನಕ್ಕಿದ್ದ.

ಕಿಟಕಿಯಿಂದ ಬಂದ ಗಾಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಒಂದು ಹಿಂಗತ್ತು. ಗುರುವಾರ ಬೆಳಿಗ್ಗೆ ಗುತ್ತೆಪ್ಪ ಹರಿಹರದಿಂದ ಸೈಕಲ್ ತುಳಿದುಕೊಂಡು ಅವನ ಮನೆಗೆ ಬಂದಿದ್ದ. ಯಾಕೆ ಬಂದಿದ್ದಾನೆಂದು ಪಂಚಾಕ್ಷರಪ್ಪನಿಗೆ ಗೊತ್ತಿತ್ತು: ಭಾನುವಾರ ತನ್ನ ಮನೆಯಲ್ಲಿ ಎರಡೂ ಪಕ್ಷದವರನ್ನು ಕೂಡಿಸುವುದಾಗಿ, ಜಂಟಿ ಸಮಿತಿ ಮಾಡಿಸಿಯೇ ಏಳಿಸುವುದಾಗಿ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ವಾಮದೇವಪ್ಪ ಮೊದಲೇ ಎಚ್ಚರಿಸಿದ್ದ: ಚುನಾವಣೆ ಹತ್ತಿರ ಬಂತು, ಇದರೊಳಗೆ ಸಿಕ್ಕಿಕೊಳ್ಳಬೇಡಿ. ಆದರೆ ಪಂಚಾಕ್ಷರಪ್ಪನ ಹಿಂಜರಿಕೆಗೆ ಅದೊಂದೇ ಕಾರಣವಲ್ಲ. ಆ ಕಡೆಯಿಂದ ಬರುವವನು ಹಾಲೇಶಪ್ಪ. ಮದುವೆಗೆ ಮುಂಚೆ ಇಬ್ಬರೂ ಒಂದೇ ಕೋಣೆಯಲ್ಲಿದ್ದು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವರು. ಪಕ್ಷ ಒಡೆದ ವರ್ಷ ತುಂಬಿದ ಸಭೆಯಲ್ಲಿ, ಚಪ್ಪಾಳೆ ಬೀಳುತ್ತದೆಂದು ಗೊತ್ತಿದ್ದೇ, ಪಂಚಾಕ್ಷರಪ್ಪ ಅವನನ್ನು ಮಾಲೀಕರ ಎಂಜಲು ತಿನ್ನುವವನೆಂದು ಕರೆದಿದ್ದ. ಚಪ್ಪಾಳೆ ಬಿದ್ದಿತ್ತು. ಅಂಥವನ ಎದುರು ಚಾಪೆಯ ಮೇಲೆ ಕೂರುವುದು ಹೇಗೆ? ಗುತ್ತೆಪ್ಪನ ಸೈಕಲ್ಲಿನ ಸದ್ದು ಕೇಳಿದ್ದೇ ಪಂಚಾಕ್ಷರಪ್ಪ ಪತ್ರಿಕೆ ಎತ್ತಿಕೊಂಡು ಒಳಕೋಣೆ ಸೇರಿ, ಹೆಂಡತಿಗೆ ಕಣ್ಸನ್ನೆ ಮಾಡಿದ. ಕಸ್ತೂರಮ್ಮನಿಗೆ ಹೊಳೆದದ್ದು ಒಂದೇ ಮಾತು. "ಪೂಜೆಗೆ ಕೂತಾರೆ" ಎಂದಳು. ದೇವರಿಲ್ಲವೆಂದು ಗಿರಣಿ ಗೇಟಿನಲ್ಲಿ ಭಾಷಣ ಮಾಡುವ ವಕೀಲರು ಪೂಜೆಗೆ ಕೂತಿದ್ದಾರೆಂದರೆ ಗುತ್ತೆಪ್ಪ ನಗಲೂ ಇಲ್ಲ, ಬೆರಗಾಗಲೂ ಇಲ್ಲ. "ಆಗ್ಲಿ ತಾಯಿ, ಸಾವಕಾಶ ಮಾಡ್ಲಿ. ನಾನು ಕೂತಿರ್ತೀನಿ" ಎಂದು ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ. ಕಿಟಕಿಯ ಸಂದಿಯಿಂದ ಅವನ ಹಿಂಗತ್ತು, ಅದರ ಮೇಲೆ ಒಣಗಿದ ಬೆವರಿನ ಉಪ್ಪು. ಪಂಚಾಕ್ಷರಪ್ಪ ಪತ್ರಿಕೆಯ ಹಾಳೆ ಮಗುಚಲೂ ಹೆದರಿ ಒಂದೇ ಪುಟವನ್ನು ನೋಡುತ್ತ ನಿಂತಿದ್ದ. ಬಿಸಿಲು ಮೆಟ್ಟಿಲಿಗೆ ಬಂದ ಮೇಲೆ ಗುತ್ತೆಪ್ಪ ಎದ್ದು, ನೀರು ಕೇಳಿ ಕುಡಿದು, "ಭಾನುವಾರ ನಮ್ಮನ್ಯಾಗೆ ಕೂಡ್ತೀವಿ ಅಂತ ಹೇಳವ್ವ. ಹಾಲೇಶಪ್ಪ ಒಪ್ಪ್ಯಾನೆ. ವಕೀಲ್ರು ಬಂದ್ರೆ ಎಲ್ಲಾ ಆದಂಗೇ" ಎಂದು ಹೇಳಿ ಹೋದ. ಅಂದು ಊಟಕ್ಕೆ ಬಡಿಸುವಾಗ ಕಸ್ತೂರಮ್ಮ, ತಟ್ಟೆಯನ್ನು ನೋಡುತ್ತ, "ಇನ್ನೊಮ್ಮೆ ನನ್ನ ಬಾಯಿಂದ ಅಂಥ ಮಾತು ಆಡಿಸ್ಬ್ಯಾಡ್ರಿ" ಎಂದಳು. ಅಷ್ಟೇ. ಇವತ್ತು ಭಾನುವಾರ.

ಗುತ್ತೆಪ್ಪನ ಮನೆ ಹೊಳೆಗೆ ಹೋಗುವ ದಾರಿಯಲ್ಲಿತ್ತು. ಜಗಲಿಯ ಮೇಲೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ವಾಲದಂತೆ ಬಿಳಿ ಪಟ್ಟಿಯೊಂದನ್ನು ಹಣೆಗೆ ಸುತ್ತಿ ಹಿಂದಿನ ಮೊಳೆಗೆ ಕಟ್ಟಿದ್ದರು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಲೋಬಾನದ ಹೊಗೆಯಲ್ಲಿ ಅವನು ಯಾರದೋ ಮದುವೆಗೆ ಬಂದು ತೂಕಡಿಸುತ್ತಿರುವ ಬೀಗರಂತೆ ಕಾಣುತ್ತಿದ್ದ. ಹೆಂಡತಿ ಅಂಜಿನವ್ವ ಕಾಲ ಬಳಿ ಕೂತಿದ್ದಳು. ಪಂಚಾಕ್ಷರಪ್ಪನನ್ನು ನೋಡಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ರಿ ವಕೀಲ್ರೇ" ಎಂದಳು. ಆ ಧ್ವನಿಯಲ್ಲಿ ಅಳುವಿಗಿಂತ ಹೆಚ್ಚಾಗಿ ಮನೆಗೆ ಬಂದವರನ್ನು ಕರೆಯುವ ಸಡಗರವಿತ್ತು, ಅದು ಅವನಿಗೆ ಅರ್ಥವಾಗಲಿಲ್ಲ. "ಕೂಡ್ರಿ, ನೀರು ತರ್ತೀನಿ" ಎಂದು ಒಳಗೆ ಹೋದಳು. ಗಂಡಸರು ಹೆಣ ಹೊರುವ ಹೂವಿನ ವಿಮಾನ ಕಟ್ಟಲು ಓಣಿಯ ಕೊನೆಗೆ ಹೋಗಿದ್ದರು. ಇಬ್ಬರು ಮುದುಕಿಯರು ಗೋಡೆಗೊರಗಿ ಮಂಪರಿನಲ್ಲಿದ್ದರು. ಈಗಲೇ ಎಂದು ಅವನಿಗನ್ನಿಸಿತು, ಮತ್ತು ಹಾಗನ್ನಿಸಿದ್ದಕ್ಕೇ ನಾಚಿಕೆಯೂ ಆಯಿತು. ಆದರೂ ಕೈ ಚೀಲದ ಒಳಗೆ ಹೋಯಿತು. ಮಲಗಿದ ಹೆಣಕ್ಕೆ ಬಾವುಟ ಹೊದಿಸುವುದನ್ನು ಅವನು ನೋಡಿದ್ದ. ಕೂತವನಿಗೆ ಹೊದಿಸುವುದು ಹೇಗೆ? ಹೆಗಲಿನ ಮೇಲೆ, ಸನ್ಮಾನದ ಶಾಲಿನಂತೆ, ಬಗ್ಗಿ ಎರಡೂ ಕಡೆ ಇಳಿಬಿಟ್ಟ. ಇಷ್ಟು ವರ್ಷ ಜಮಖಾನ ಹಾಸಿದವನಿಗೆ ಯಾರೂ ಒಂದು ಹಾರ ಹಾಕಿರಲಿಲ್ಲವೆಂಬುದು ನೆನಪಾಗುವಷ್ಟರಲ್ಲಿ ಅವನ ಮೊಣಕೈ ತಗುಲಿ ಹಣೆಯ ಪಟ್ಟಿ ಜಾರಿ, ಗುತ್ತೆಪ್ಪನ ತಲೆ ಎದೆಯ ಮೇಲೆ ಬಿತ್ತು. ಪಂಚಾಕ್ಷರಪ್ಪ ಗಾಬರಿಯಿಂದ ತಣ್ಣನೆಯ ಗದ್ದ ಹಿಡಿದು ಎತ್ತಿದ. ಪಟ್ಟಿ ಸರಿಮಾಡಿದರೆ ತಲೆ ಎಡಕ್ಕೆ ವಾಲಿತು, ಎಡಕ್ಕೆ ಒತ್ತಿದರೆ ಬಲಕ್ಕೆ. ಹೀಗೆ ಕ್ಷೌರಿಕನಂತೆ ಸತ್ತವನ ತಲೆ ಹಿಡಿದು ನಿಂತಿರುವಾಗ ಹಿಂದಿನಿಂದ ಅಂಜಿನವ್ವ ನೀರಿನ ತಂಬಿಗೆ ಕೆಳಗಿಟ್ಟ ಸದ್ದಾಯಿತು. ಅವಳು ಮುಂದೆ ಬಂದು, ಪಟ್ಟಿ ಬಿಚ್ಚಿ, ಗಂಡನ ತಲೆಯನ್ನು ನೆಟ್ಟಗೆ ಕೂರಿಸಿ, ಮತ್ತೆ ಕಟ್ಟಿದಳು.

ಹಾಲೇಶಪ್ಪ ಬಂದದ್ದು ಆಗ. ಜೊತೆಗೆ ಏಳೆಂಟು ಜನ, ಒಬ್ಬನ ಕೈಯಲ್ಲಿ ಹಾರ, ಹಾಲೇಶಪ್ಪನ ಕಂಕುಳಲ್ಲಿ ಮಡಿಸಿದ ಕೆಂಪು ಬಟ್ಟೆ. ಕೂದಲು ಹಣ್ಣಾಗಿತ್ತು. ಹರಿಹರದಲ್ಲಿ ಟೈಲರ್ ಅಂಗಡಿ ಇಟ್ಟ ಮೇಲೆ ಬೆನ್ನು ಸ್ವಲ್ಪ ಬಾಗಿತ್ತು. ಅವನು ಸತ್ತವನ ಕಾಲು ಮುಟ್ಟಿ ನಮಸ್ಕರಿಸಿ, ತಲೆಯೆತ್ತಿ ಬಾವುಟ ನೋಡಿದ. ಆಮೇಲೆ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿ ನೋಡಿದ.

"ಇದು ನಾ ಹೊಲಿದಿದ್ದು" ಎಂದ, ಯಾರಿಗೂ ಅಲ್ಲವೆಂಬಂತೆ. "ಒಡೆಯೋಕೆ ಮುಂಚೆ. ಆಫೀಸಿನ ಟ್ರಂಕಿನಾಗೆ ಇತ್ತು. ಟ್ರಂಕ್ ನೀವು ಒಯ್ದ್ರಿ."

ಪಂಚಾಕ್ಷರಪ್ಪನಿಗೆ ಅದು ಗೊತ್ತಿರಲಿಲ್ಲ. ಆದರೆ ಬಾಯಿಂದ ಬಂದದ್ದು ವಕೀಲನ ಮಾತು: "ಹೊಲಿದೋರ್ದು ಆಗಲ್ಲ ಬಾವುಟ. ಗುತ್ತೆಪ್ಪ ಕಡೀವರೆಗೂ ನಮ್ಮ ಸದಸ್ಯ."

"ಗುತ್ತೆಪ್ಪ ನಿಮ್ಮ ಮನಿಗೆ ಗುರುವಾರ ಬಂದಿದ್ದ. ಏನಂದ್ರಿ ನೀವು ಅವಂಗೆ?"

ಹಾಲೇಶಪ್ಪನ ಕಡೆಯವನೊಬ್ಬ ಬಾವುಟ ತೆಗೆಯಲು ಕೈ ಚಾಚಿದ. ಪಂಚಾಕ್ಷರಪ್ಪ ಆ ಕೈಯನ್ನು ತಡೆದ. ತಡೆದದ್ದು ತಾನೇ ಎಂಬುದು ಆಮೇಲೆ ತಿಳಿಯಿತು. ಮಾತು ಏರಿತು: ಮಣ್ಣಿನಲ್ಲಿ ಮೊದಲು ಯಾರು ಮಾತಾಡಬೇಕು, ಯಾರ ಘೋಷಣೆ ಕೂಗಬೇಕು. ಓಣಿಯ ಕೊನೆಯಿಂದ ಗಂಡಸರು ಬಂದು ನಿಂತರು. ಅವರ ಮುಂದೆ ಅಂಜಿನವ್ವನ ಅಣ್ಣ ಸೂರಪ್ಪ, ಕೊಂಡಜ್ಜಿಯ ರೈತ, ಬಿದಿರಿನ ದಬ್ಬೆಯೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದವನು, ಸಿಟ್ಟಿಲ್ಲದೆ, ದಣಿದವನಂತೆ ಹೇಳಿದ:

"ನೋಡವ್ವ ತಂಗಿ. ಇವ್ರ ಹಿಂದೆ ತಿರುಗಿ ತಿರುಗಿ ಸತ್ತ. ಹೊಲಕ್ಕೆ ಬಾ ಅಂದ್ರೆ ಬರ್ಲಿಲ್ಲ. ಇವ್ರು ಇಲ್ಲಿ ಹೆಣದ ಮುಂದೆ ಕಿತ್ತಾಡ್ತಾರೆ."

ಅಂಜಿನವ್ವ ಎದ್ದು ನಿಂತಳು. ಪಂಚಾಕ್ಷರಪ್ಪ ಬೈಗುಳಕ್ಕೆ ಸಿದ್ಧನಾದ, ಒಂದು ರೀತಿಯಲ್ಲಿ ಅದಕ್ಕಾಗಿ ಕಾದ. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಂಡು ಹಗುರಾಗಿ ಹೋಗಬಹುದಿತ್ತು. ಅವಳು ಅಣ್ಣನ ಕಡೆ ತಿರುಗಿ, "ಕಿತ್ತಾಟ ಅಲ್ಲಪ್ಪ ಅದು" ಎಂದಳು. "ಇವತ್ತು ನಮ್ಮನ್ಯಾಗೆ ಇವ್ರು ಕೂಡ್ತಾರೆ ಅಂತ ನಮ್ಮನಿಯೋರು ಹೇಳಿದ್ರು. ಎರಡೂ ಕಡೆಯೋರು ಬಂದೇ ಬರ್ತಾರೆ, ಚಾಕ್ಕೆ ಸಕ್ರಿ ಕಾಯ್ದಿಡು ಅಂದಿದ್ರು. ನಾನೇ ನಂಬಿದ್ದಿಲ್ಲ. ಬಂದಾರೆ ನೋಡು." ಆಮೇಲೆ ಪಂಚಾಕ್ಷರಪ್ಪನ ಮುಖವನ್ನೇ ನೋಡುತ್ತ, "ವಕೀಲ್ರೇ, ನೀವೇ ಹೇಳ್ರಿ ನಮ್ಮಣ್ಣಗೆ. ಕೂಡಾಕಂತ ಬಂದೀರಲ್ಲ?"

ಜಗಲಿಯ ಮೇಲಿದ್ದವರೆಲ್ಲ ಅವನನ್ನು ನೋಡುತ್ತಿದ್ದರು. ಅವನು ಹಾಲೇಶಪ್ಪನನ್ನು ನೋಡಿದ. ಹಾಲೇಶಪ್ಪ ನೆಲ ನೋಡುತ್ತಿದ್ದ. ಅಂಜಿನವ್ವನಿಗೆ ನಿಜ ಗೊತ್ತಿತ್ತೋ ಇಲ್ಲವೋ, ಅವಳು ಗಂಡನ ಮಾನ ಕಾಯುತ್ತಿದ್ದಳೋ ಅಥವಾ ನಿಜವಾಗಿ ನಂಬಿದ್ದಳೋ, ಪಂಚಾಕ್ಷರಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

"ಹೌದವ್ವ" ಎಂದ. "ಕೂಡಾಕೇ ಬಂದೀವಿ."

"ಹಂಗಾರೆ ಮಣ್ಣಿನ ಮುಂದೆ ಅದನ್ನ ಹೇಳ್ರಿ. ನಾಕು ಮಂದಿ ಕೇಳ್ಲಿ. ಬಟ್ಟೆ ಎರಡೂ ಇರ್ಲಿ ಬಿಡ್ರಿ, ಯಾಕ ತೆಗೀತೀರಿ." ಅವಳು ಹಾಲೇಶಪ್ಪನ ಕಂಕುಳಿಂದ ಬಟ್ಟೆ ತೆಗೆದುಕೊಂಡು, ಗಂಡನ ಮಂಡಿಯ ಮೇಲೆ ಹೊದಿಸಿ, ಸುಕ್ಕು ಸರಿಮಾಡಿದಳು.

ಹೊಳೆಯ ದಂಡೆಯಲ್ಲಿ, ತೋಡಿದ ಗುಂಡಿಯ ಪಕ್ಕದಲ್ಲಿ ಪಂಚಾಕ್ಷರಪ್ಪ ಮಾತಾಡಿದ. ನಾಲ್ಕು ಮಾತು ಹೇಳಿ ಮುಗಿಸಬೇಕೆಂದುಕೊಂಡಿದ್ದ. ಆದರೆ ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬಂತು. ಗುತ್ತೆಪ್ಪ ಸೈಕಲ್ ತುಳಿದ ದಾರಿ, ಎರಡು ಮೆರವಣಿಗೆಯ ನಡುವೆ ಅವನು ಓಡಿದ ಓಣಿ. ಅಂದು ನಕ್ಕ ವಿಷಯವನ್ನೇ ಈಗ ಹೊಗಳಿ ಹೇಳಿದ. ಧ್ವನಿ ನಡುಗಿತು. ನಡುಗಿದ್ದು ನಿಜ, ಆದರೆ ಆ ನಡುಕ ಕೇಳುವವರಿಗೆ ತಾಗುತ್ತಿದೆಯೆಂದು ಅವನಿಗೆ ತಿಳಿಯಿತು, ತಿಳಿದ ಮೇಲೆ ಅದನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿಕೊಂಡ. "ಈ ಮಣ್ಣಿನ ಆಣೆಯಾಗಿ ಹೇಳ್ತೀನಿ, ಇವತ್ತಿನಿಂದ ಹರಿಹರ-ದಾವಣಗೆರೆಯಲ್ಲಿ ನಾವು ಎರಡಲ್ಲ" ಎಂದಾಗ ಹೆಂಗಸರ ಗುಂಪಿನಿಂದ ಅಳು ಎದ್ದಿತು. ಸೂರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಅದನ್ನು ನೋಡಿ ಪಂಚಾಕ್ಷರಪ್ಪನಿಗೆ ಎದೆಯಲ್ಲಿ ಹಿತವಾದದ್ದೇನೋ ಹರಿಯಿತು, ಕೋರ್ಟಿನಲ್ಲಿ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಾಗ ಆಗುವಂಥದ್ದು. ಮರುಕ್ಷಣ, ಗುಂಡಿಯಲ್ಲಿ ಕೂರಿಸಿದ ಗುತ್ತೆಪ್ಪನ ಹಿಂಗತ್ತು ಮೇಲಿನಿಂದ ಕಂಡಿತು. ಮಾತು ನಿಂತುಹೋಯಿತು. ಜನ ಅದನ್ನೂ ದುಃಖವೆಂದೇ ತಿಳಿದರು. ಹಾಲೇಶಪ್ಪ ಬಂದು ಅವನ ಕೈ ಹಿಡಿದು ಮೇಲೆತ್ತಿದ. ಒರಟು ಕೈ, ಬೆರಳ ತುದಿಯಲ್ಲಿ ಸೂಜಿಯ ಗೀರುಗಳು. ಇಬ್ಬರೂ ಒಟ್ಟಿಗೆ ಬಗ್ಗಿ ಹಿಡಿ ಹಿಡಿ ಮಣ್ಣು ಹಾಕಿದರು.

ಮರುದಿನ ಸಂಜೆ ವಾಮದೇವಪ್ಪ ಪಕ್ಷದ ಕಚೇರಿಗೆ ಕರೆಸಿದ. ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಕಸ್ತೂರಮ್ಮನ ಕೈನೋವು ಹೇಗಿದೆಯೆಂದು ವಿಚಾರಿಸಿ, ಆಮೇಲೆ ಒಂದು ಹಾಳೆ ಮುಂದಿಟ್ಟ. ಹರಿಹರದಲ್ಲಿ ಆಡಿದ್ದು ಭಾವೋದ್ರೇಕದ ವೈಯಕ್ತಿಕ ಮಾತು, ಅದಕ್ಕೂ ಪಕ್ಷದ ನಿಲುವಿಗೂ ಸಂಬಂಧವಿಲ್ಲ, ಆ ಇನ್ನೊಂದು ಪಕ್ಷದ ಜೊತೆ ಯಾವ ಐಕ್ಯತೆಯೂ ಆಗಿಲ್ಲ. "ನಿಮ್ಮ ದುಃಖ ನಂಗೂ ಅರ್ಥ ಆಗ್ತೈತ್ರಿ. ಆದ್ರೆ ಎಲೆಕ್ಷನ್ ಟೈಮ್ನಾಗೆ ಜನಕ್ಕೆ ಗೊಂದಲ ಆಗ್ಬಾರ್ದು. ಬುಧವಾರದ ಪೇಪರಿಗೆ ಕೊಡ್ಬೇಕು. ಒಂದು ಸೈನ್ ಹಾಕ್ರಿ." ಪಂಚಾಕ್ಷರಪ್ಪ ಹಾಳೆ ಓದಿದ. ಓದುತ್ತಿರುವಾಗ ಹೇಳಬೇಕಾದ ಮಾತುಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ, ಚೆನ್ನಾಗಿ ಜೋಡಿಸಿಕೊಂಡು ಬಂದವು. ಸಾಮಾನ್ಯ ಜನ ಒಂದಾಗಿಯೇ ಹಸಿದಿದ್ದಾರೆ ಎಂಬ ಮಾತು ಬಂತು. ಅದು ಒಳ್ಳೆಯ ವಾಕ್ಯವೆಂದು ಅನ್ನಿಸಿತು. ಸೈನ್ ಹಾಕದೆ ಎದ್ದು ಹೋದರೆ ಏನಾಗುತ್ತದೆ ಎಂದೂ ಯೋಚಿಸಿದ: ಗಿರಣಿಯ ಕೇಸುಗಳು ಬೇರೆಯವರ ಕೈ ಸೇರುತ್ತವೆ, ಮುಂದಿನ ಸಾಲಿನ ಕುರ್ಚಿ ಹೋಗುತ್ತದೆ, ಬೀದಿಯಲ್ಲಿ ಹೋಗುವಾಗ ಯಾರೂ ಕಾಮ್ರೇಡ್ ಎಂದು ಕರೆಯುವುದಿಲ್ಲ. ಕೊನೆಗೆ, "ಇಲ್ಲೊಂದು ಒತ್ತಕ್ಷರ ತಪ್ಪೈತೆ" ಎಂದು ಹೇಳಿ, ಪೆನ್ನು ತೆಗೆದು ಅದನ್ನು ತಿದ್ದಿದ. ತಿದ್ದುವಾಗ ತಾನೇನೋ ಪ್ರತಿಭಟಿಸುತ್ತಿರುವಂತೆ ಒಂದು ಕ್ಷಣ ಭಾಸವಾಯಿತು. ಆಮೇಲೆ ಸೈನ್ ಹಾಕಿದ. ವಾಮದೇವಪ್ಪ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, "ಚಹಾ ತಣ್ಣಗಾತು, ಇನ್ನೊಂದು ಹೇಳ್ಲೇನು?" ಎಂದ.

ಮಂಗಳವಾರ ಅವನು ಹರಿಹರಕ್ಕೆ ಹೋದ. ಕಕ್ಷಿದಾರನೊಬ್ಬನ ಜಾಗ ನೋಡಬೇಕೆಂದು ಕಸ್ತೂರಮ್ಮನಿಗೆ ಹೇಳಿದ, ನೋಡಿದ್ದೂ ನಿಜ. ಆದರೆ ಹೋದದ್ದು ಹಾಲೇಶಪ್ಪನಿಗೆ ತಾನೇ ಬಾಯಿಬಿಟ್ಟು ಹೇಳಬೇಕೆಂದು. ಬೇರೆಯವರು ಓದಿ ಹೇಳುವುದಕ್ಕಿಂತ ಮುಂಚೆ ಎದುರಿಗೆ ನಿಂತು ಹೇಳಿದರೆ, ಅಷ್ಟಾದರೂ ಮರ್ಯಾದೆ ಉಳಿಯುತ್ತದೆ. ಹೇಗಿದ್ದರೂ ಅವನೂ ಅಂಥದ್ದೇ ಹಾಳೆಗೆ ಸೈನ್ ಹಾಕಿರುತ್ತಾನೆ. ಇಬ್ಬರೂ ಒಂದು ಸಲ ಕಹಿಯಾಗಿ ನಕ್ಕು ಬೇರೆಯಾಗಬಹುದು. ಈ ಯೋಚನೆಯಿಂದ ಅವನಿಗೆ ಧೈರ್ಯವೇ ಬಂದಿತ್ತು. ಅಂಗಡಿಯಲ್ಲಿ ಹಾಲೇಶಪ್ಪ ಒಬ್ಬನೇ ಒಂದು ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದ. ಇವನನ್ನು ನೋಡಿ ಮೆಷಿನ್ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ಕೆಳಗೆ ತಳ್ಳಿ, ಕೂರಲು ಕೈ ತೋರಿಸಿದ.

"ಭಾನುವಾರ ರಾತ್ರಿನೇ ಬಂದಿದ್ರು ನಮ್ಮೋರು" ಎಂದ ಹಾಲೇಶಪ್ಪ, ಇವನು ಬಾಯಿ ತೆರೆಯುವ ಮೊದಲೇ. "ಅಲ್ಲಿ ಕೈ ಹಿಡ್ದಿದ್ದು ತಪ್ಪಾತು ಅಂತ ಬರ್ದು ಕೊಡು ಅಂದ್ರು. ಕೊಡಾದಿಲ್ಲ ಅಂದೆ."

"ಆಮೇಲೆ?"

"ಆಮೇಲೇನು. ತೆಗ್ದು ಹಾಕಿದ್ರು. ನೋಡು, ಅಂಗಡೀಗೆ ಬರೋ ಮಂದೀನೂ ಇವತ್ತು ಬಂದಿಲ್ಲ." ಅವನು ಸೂಜಿಗೆ ದಾರ ಪೋಣಿಸಲು ಹೋಗಿ, ಕಣ್ಣು ಕಿರಿದು ಮಾಡಿ, ಎರಡು ಸಲ ತಪ್ಪಿ, ಕೆಳಗಿಟ್ಟ. "ನಿಮ್ಮೋರು ಏನಂದ್ರು ನಿಂಗೆ?"

ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಗೋಡೆಯನ್ನು ನಡುಗಿಸುತ್ತಿತ್ತು. ಪಂಚಾಕ್ಷರಪ್ಪ ತಾನು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತನ್ನು ಹುಡುಕಿದ. ಅದು ಇಬ್ಬರೂ ಸೋತವರು ಆಡಿಕೊಳ್ಳುವ ಮಾತಾಗಿತ್ತು. ಇಲ್ಲಿ ಸೋತವನು ಒಬ್ಬನೇ ಇದ್ದ, ಮತ್ತು ಅವನು ಎದುರಿಗೆ ಕೂತಿರುವವನಲ್ಲ.

"ನನ್ನನ್ನಿನ್ನೂ ಯಾರೂ ಕೇಳಿಲ್ಲ" ಎಂದ.

ಹಾಲೇಶಪ್ಪನ ಮುಖ ಸಡಿಲವಾಯಿತು. "ಕೇಳ್ತಾರೆ. ಕೇಳಿದ್ರೂ ನೀ ಕೊಡಾದಿಲ್ಲ, ಅಷ್ಟು ನಂಗೆ ಗೊತ್ತೈತೆ. ಅವತ್ತು ನೀ ಮಾತಾಡಿದ್ದು ಕೇಳಿದ್ನಲ್ಲ. ಹಿಂದೆ ನೀ ನಂಗೆ ಏನೇನೋ ಅಂದಿದ್ದಿ, ಅದನ್ನೆಲ್ಲ ಹೊಳೀಗೆ ಬಿಟ್ಟೆ ಅವತ್ತು." ಅವನು ಎದ್ದು ಬಾಗಿಲಿಗೆ ಹೋಗಿ ಎದುರು ಹೋಟೆಲಿಗೆ ಎರಡು ಬೆರಳು ತೋರಿಸಿ ಬಂದ. "ಅಂಜಿನವ್ವಗೂ ಹೇಳಿ ಬಂದೆ. ಆ ಕಡೆಯಿಂದ ಪಂಚಾಕ್ಷರಿ ಅದಾನೆ, ಈ ಕಡೆಯಿಂದ ನಾನಿದೀನಿ, ಇಬ್ರಾದ್ರೂ ಕೂಡಿದ್ವಲ್ಲ ಅಂದೆ. ಬರೋ ಭಾನುವಾರ ಅವ್ರ ಮನ್ಯಾಗೆ ಕೂಡ್ರಿ ಅಂದ್ಲು. ಸಕ್ರಿ ಹಂಗೇ ಇಟ್ಟಾಳಂತೆ. ಬರ್ತೀಯಲ್ಲ?"

"ಬರ್ತೀನಿ" ಎಂದ ಪಂಚಾಕ್ಷರಪ್ಪ.

ಚಹಾ ಬಂತು. ಅವನು ಅದನ್ನು ಕೊನೆಯ ಗುಟುಕಿನವರೆಗೂ ಕುಡಿದ. ಹಾಲೇಶಪ್ಪ ಹಳೆಯ ಕೋಣೆಯ ಒಲೆಯ ವಿಷಯ ತೆಗೆದ, ಸೀದುಹೋದ ಅನ್ನ, ಇಬ್ಬರಿಗೂ ಒಂದೇ ಇದ್ದ ಕಂಬಳಿ. ಪಂಚಾಕ್ಷರಪ್ಪ ನಗಬೇಕಾದ ಕಡೆಯೆಲ್ಲ ನಕ್ಕ. ಹೇಳಲು ಇನ್ನೂ ಹೊತ್ತಿದೆ, ಈ ಮಾತು ಮುಗಿದ ಮೇಲೆ ಹೇಳುತ್ತೇನೆ, ಅಂಗಡಿಯ ಮೆಟ್ಟಿಲು ಇಳಿಯುವಾಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಎದ್ದ. ಹಾಲೇಶಪ್ಪ ಬಾಗಿಲು ಎಳೆದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದ. ದಾರಿಯಲ್ಲಿ ಇಬ್ಬರು ಮೂವರು ಅವನನ್ನು ನೋಡಿಯೂ ನೋಡದಂತೆ ಹೋದರು. ಅವನು ಅದನ್ನು ಗಮನಿಸದಂತೆ ಮಾತಾಡುತ್ತಲೇ ಇದ್ದ. ಬಸ್ಸು ಬಂದಾಗ ಜನ ನುಗ್ಗಿದರು. ಹಾಲೇಶಪ್ಪ ಓಡಿಹೋಗಿ, ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆ ಹಾಕಿ ಒಂದು ಸೀಟು ಹಿಡಿದ. "ವಕೀಲ್ರು ಕೂಡ್ತಾರೆ ಅಲ್ಲಿ, ಬಿಡ್ರಪ್ಪ" ಎಂದು ಒಳಗಿದ್ದವರಿಗೆ ಹೇಳುತ್ತ ನಿಂತ.

ಪಂಚಾಕ್ಷರಪ್ಪ ಒಳಗೆ ಹೋಗಿ ಆ ಸೀಟಿನಲ್ಲಿ ಕೂತು, ಟವೆಲ್ ವಾಪಸು ಕೊಟ್ಟ. "ಭಾನುವಾರ ಮರೀಬ್ಯಾಡ" ಎಂದ ಹಾಲೇಶಪ್ಪ ಕೆಳಗಿನಿಂದ. ನಾಳೆ ಬೆಳಗಿನ ಪತ್ರಿಕೆಯ ಕಟ್ಟು ಇದೇ ಸ್ಟ್ಯಾಂಡಿಗೆ ಬಂದು ಬೀಳುತ್ತದೆ. ಹಾಲೇಶಪ್ಪ ದಿನವೂ ಪತ್ರಿಕೆ ಓದುವವನು, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬೆರಳಿಟ್ಟು. ಈಗಲೂ ಹೇಳಬಹುದಿತ್ತು, ಕಿಟಕಿಯಿಂದ ಒಂದು ಮಾತು. ಪಂಚಾಕ್ಷರಪ್ಪ ಕೈ ಎತ್ತಿದ. ಹಾಲೇಶಪ್ಪನೂ ಕೈ ಎತ್ತಿದ. ಬಸ್ಸು ಹೊರಟಿತು.

ಊರು ದಾಟುವ ಮೊದಲೇ ಪಂಚಾಕ್ಷರಪ್ಪ ಎದ್ದು ನಿಂತ. ಪಕ್ಕದಲ್ಲಿ ನೇತಾಡಿಕೊಂಡಿದ್ದವನೊಬ್ಬ ತಕ್ಷಣ ಆ ಜಾಗದಲ್ಲಿ ಕೂತುಬಿಟ್ಟ. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್, "ಅವ್ರು ಅಷ್ಟು ಗುದ್ದಾಡಿ ಸೀಟ್ ಹಿಡ್ದು ಕೊಟ್ರಲ್ರಿ, ಯಾಕ ಎದ್ರಿ?" ಎಂದು ಕೇಳಿದ. ಪಂಚಾಕ್ಷರಪ್ಪ ಚಿಲ್ಲರೆ ಕೊಟ್ಟು, ಮೇಲಿನ ಸರಳು ಹಿಡಿದು, ದಾವಣಗೆರೆ ಬರುವವರೆಗೂ ನಿಂತೇ ಇದ್ದ.